ರಿಜಿಸ್ಟ್ರಿಯಲ್ಲಿ ಏನೇನು ಹಾಕೋಣ ಡಾಕ್ಟ್ರೇ?

ಅಮೆರಿಕದ ಕನ್ನಡ ಮನೆಗಳಲ್ಲಿ ಈಗ ಸೀಮಂತ ಅಂದರೆ ಹಸಿರು ಬಳೆ, ಚಿತ್ರಾನ್ನ, ಜೊತೆಗೆ ಫೋನಿಗೆ ಬರುವ ಒಂದು ಲಿಂಕ್. ಒತ್ತಿದರೆ ಹುಟ್ಟಲಿರುವ ಮಗುವಿಗೆ ಬೇಕಾದ ಸಾಮಾನಿನ ಪಟ್ಟಿ, ಒಂದೊಂದರ ಪಕ್ಕದಲ್ಲೂ ಬೆಲೆ, ಉಡುಗೊರೆ ಕೊಡುವವರು ಅದರಿಂದಲೇ ಆರಿಸಿಕೊಳ್ಳುತ್ತಾರೆ. ಇದೇ ರಿಜಿಸ್ಟ್ರಿ. ಒಳ್ಳೆಯ ಪದ್ಧತಿಯೇ, ಇಲ್ಲದಿದ್ದರೆ ಮನೆ ತುಂಬ ಬೆಳ್ಳಿ ಲೋಟಗಳೇ ಆಗಿಬಿಡುತ್ತವೆ. ಆದರೆ ಈ ಪಟ್ಟಿ ಮಾಡುವ ಹೊತ್ತಿಗೆ ನನಗೆ ಬರುವ ಪ್ರಶ್ನೆಗಳಿವೆಯಲ್ಲ, ಅವು ವರ್ಷ ಎಷ್ಟು ಕಳೆದರೂ ಬದಲಾಗುತ್ತಿಲ್ಲ. ಡೈಪರ್ ಎಷ್ಟು ತರಬೇಕು, ಬಟ್ಟೆ ಯಾವ ಸೈಜು ಅಂತ ಕೇಳಬೇಡಿ, ಅದು ನಿಮ್ಮ ಅಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತು. ಮಕ್ಕಳ ಡಾಕ್ಟರಾಗಿ ನನಗೆ ಸಿಟ್ಟು ಬರಿಸುವುದು ದುಡ್ಡು ಜಾಸ್ತಿ ಬೀಳುವ ಸಾಮಾನುಗಳು. ಅವುಗಳ ಬಗ್ಗೆ ಇಲ್ಲಿ ಹೇಳಿಬಿಡುತ್ತೇನೆ.

ಪ್ರಶ್ನೆ: ನಾವು ಡಲ್ಲಾಸ್‌ನಲ್ಲಿದ್ದೇವೆ, ಮೊದಲ ಮಗು. ಆಫೀಸಿನ ಗೆಳೆಯರೆಲ್ಲ ಸೇರಿ ಒಂದು ದೊಡ್ಡ ಉಡುಗೊರೆ ಕೊಡುತ್ತಾರಂತೆ, 1,000 ಡಾಲರ್ ಆದರೂ ಪರವಾಗಿಲ್ಲ ಅಂದಿದ್ದಾರೆ. ನನಗೆ ಒಂದು ಸ್ಟ್ರೋಲರ್, ಮಗುವನ್ನು ಕೂರಿಸಿ ತಳ್ಳುವ ಗಾಡಿ, ತುಂಬ ಇಷ್ಟವಾಗಿದೆ. ಕಾರಿನಲ್ಲಿ ಮಗುವನ್ನು ಕೂರಿಸಿ ಕಟ್ಟುವ ಕಾರ್ ಸೀಟು ನಾದಿನಿ ಮನೆಯಲ್ಲಿ ಹಳೆಯದಿದೆ, ತಗೊಂಡು ಹೋಗಿ ಅಂದಿದ್ದಾರೆ. ಅಮ್ಮನೂ ಬಾಣಂತನಕ್ಕೆ ಬರುತ್ತಾರೆ, ಕಾರಿನಲ್ಲಿ ಹೇಗೂ ಅವರು ಎತ್ತಿಕೊಂಡಿರುತ್ತಾರಲ್ಲ. ಈ ಲೆಕ್ಕ ಸರಿಯಾ?

ಪೂರ್ತಿ ಉಲ್ಟಾ. ಸ್ಟ್ರೋಲರ್ ಹಳೆಯದು ತಗೊಳ್ಳಿ, ಕಾರ್ ಸೀಟು ಹೊಸದು ಕೇಳಿ.

ಮೊದಲು ಅಮ್ಮನ ತೊಡೆಯ ವಿಷಯ ಮುಗಿಸೋಣ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಕಾರು ಏನಕ್ಕೋ ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಅಂದುಕೊಳ್ಳಿ. ಆ ಗಳಿಗೆಯಲ್ಲಿ 4 ಕಿಲೋ ಮಗುವನ್ನು ಹಿಡಿದುಕೊಳ್ಳಲು 55 ಕಿಲೋಗೂ ಜಾಸ್ತಿ ಭಾರ ತಡೆಯುವಷ್ಟು ಶಕ್ತಿ ಬೇಕು. ಅಂದರೆ ಒಂದು ಅಕ್ಕಿ ಮೂಟೆ, ಅದೂ ಎದುರಿಗೆ ಹಾರುತ್ತಿರುವ ಮೂಟೆ. ನಿಮ್ಮಮ್ಮ ಎಷ್ಟೇ ಗಟ್ಟಿಗಿತ್ತಿಯಾಗಿದ್ದರೂ ಅದನ್ನು ಹಿಡಿಯಲಾರರು. ಅವರ ಬೆಲ್ಟಿನೊಳಗೇ ಮಗುವನ್ನೂ ಸೇರಿಸಿಕೊಂಡರೆ ಇನ್ನೂ ಕೆಟ್ಟದು, ಅಮ್ಮನ ಮೈಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ. "ನಿಮ್ಮನ್ನೆಲ್ಲ ನಾವು ತೊಡೆ ಮೇಲೇ ಬೆಳೆಸಲಿಲ್ವಾ" ಅನ್ನುತ್ತಾರೆ, ಗೊತ್ತು. ಆಗ ನಮ್ಮೂರಲ್ಲಿ ಎಷ್ಟು ಜನರ ಮನೆಯಲ್ಲಿ ಕಾರಿತ್ತು? ಇಷ್ಟು ಹೇಳಿಯೂ ಒಪ್ಪದಿದ್ದರೆ ಕಾನೂನು ತೋರಿಸಿ. ಅಮೆರಿಕದ 50 ರಾಜ್ಯಗಳಲ್ಲೂ ಕಾರ್ ಸೀಟಿಗೆ ಕಾನೂನಿದೆ, ಕಾರಿನಲ್ಲಿ ಸೀಟಿಲ್ಲದೆ ಎಷ್ಟೋ ಆಸ್ಪತ್ರೆಗಳು ಮಗುವನ್ನು ಮನೆಗೇ ಕಳಿಸುವುದಿಲ್ಲ.

ಇನ್ನು ನಾದಿನಿಯ ಸೀಟು. ಅದರ ತಳದಲ್ಲೋ ಹಿಂಬದಿಯಲ್ಲೋ ಒಂದು ಚೀಟಿ ಅಂಟಿಸಿರುತ್ತಾರೆ, ತಯಾರಾದ ದಿನ, ಮಾಡೆಲ್ ನಂಬರ್ ಎರಡೂ ಅದರಲ್ಲಿರುತ್ತವೆ. ಹೌದು, ಕಾರ್ ಸೀಟಿಗೂ ಎಕ್ಸ್‌ಪೈರಿ ಇದೆ, ಸಾಮಾನ್ಯವಾಗಿ 6ರಿಂದ 10 ವರ್ಷ. ಟೆಕ್ಸಸ್‌ನ ಬಿಸಿಲಲ್ಲಿ ನಿಂತ ಕಾರಿನೊಳಗೆ ಪ್ಲಾಸ್ಟಿಕ್ಕಿನ ಗತಿ ಏನಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ. ತಾರೀಖು ಮುಗಿದಿಲ್ಲ, ಅಪಘಾತ ಆಗಿಲ್ಲ, ರೀಕಾಲ್ (ದೋಷವಿದೆ ಅಂತ ಕಂಪನಿಯೇ ವಾಪಸ್ ಕರೆಸಿಕೊಳ್ಳುವುದು) ಆಗಿಲ್ಲ, ಮ್ಯಾನ್ಯುಯಲ್ ಇದೆ, ಎಲ್ಲ ಬಿಡಿಭಾಗವೂ ಇದೆ. ಈ ಐದಕ್ಕೂ ನಾದಿನಿ ಖಂಡಿತವಾಗಿ ಹೌದು ಅಂದರೆ ತಗೊಳ್ಳಿ, ಸ್ವಂತದವರು ಸುಳ್ಳು ಹೇಳುವುದಿಲ್ಲ. "ಒಂದ್ಸಲ ಹಿಂದಿನಿಂದ ಯಾರೋ ಗುದ್ದಿದ್ದರು, ಏನೂ ಆಗಿರಲಿಲ್ಲ ಬಿಡಿ" ಅಂದರೆ ಅಲ್ಲಿಗೇ ಬಿಟ್ಟುಬಿಡಿ. ಒಳಗಿನ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಗ್ಯಾರೇಜ್ ಸೇಲ್‌ನಲ್ಲಿ 20 ಡಾಲರಿಗೆ ಸಿಕ್ಕಿತು ಅಂತ ಫೋಟೋ ಕಳಿಸಿ ನನ್ನ ಅಭಿಪ್ರಾಯ ಕೇಳುವವರಿಗೆ ನಾನು ಉತ್ತರ ಬರೆಯುವುದನ್ನೇ ನಿಲ್ಲಿಸಿದ್ದೇನೆ.

ಈಗ ಬೆಲೆ. 500 ಡಾಲರಿನ ಸೀಟು 100 ಡಾಲರಿನ ಸೀಟಿಗಿಂತ ಐದು ಪಟ್ಟು ಸುರಕ್ಷಿತ ಅಂತ ಅಂಗಡಿಯವರು ನೇರವಾಗಿ ಹೇಳುವುದಿಲ್ಲ, ನೀವೇ ಹಾಗೆ ಅಂದುಕೊಳ್ಳಲಿ ಅಂತ ಬಿಡುತ್ತಾರೆ. ಇಲ್ಲಿ ಮಾರುವ ಪ್ರತಿಯೊಂದು ಸೀಟೂ ಒಂದೇ ಫೆಡರಲ್ ಕ್ರ್ಯಾಶ್ ಪರೀಕ್ಷೆಯ ಮಟ್ಟ ಮುಟ್ಟಲೇಬೇಕು. ಜಾಸ್ತಿ ದುಡ್ಡಿಗೆ ಸಿಗುವುದು ಮೆತ್ತನೆ ಬಟ್ಟೆ, ಸುಲಭವಾಗಿ ಬಿಚ್ಚಿ ಒಗೆಯುವ ಕವರ್, ಕೂರಿಸುವಾಗ ಕಡಿಮೆ ಒದ್ದಾಟ. ಕೊನೆಯದಕ್ಕೆ ಮಾತ್ರ ನಾನು ದುಡ್ಡು ಕೊಡುತ್ತೇನೆ, ಯಾಕೆಂದರೆ ತಪ್ಪಾಗಿ ಕಟ್ಟಿದ ದುಬಾರಿ ಸೀಟಿಗಿಂತ ಸರಿಯಾಗಿ ಕಟ್ಟಿದ ಅಗ್ಗದ ಸೀಟು ಮಗುವನ್ನು ಚೆನ್ನಾಗಿ ಕಾಪಾಡುತ್ತದೆ.

ಸೀಟಿನಲ್ಲಿ ಎರಡು ಬಗೆ. ಒಂದು ಹಿಡಿ ಇರುವ ಬುಟ್ಟಿಯಂಥದ್ದು, ಬೇಸ್ ಕಾರಿನಲ್ಲೇ ಇರುತ್ತದೆ, ಮಗು ಸಮೇತ ಎತ್ತಿಕೊಂಡು ಹೋಗಬಹುದು. ಇನ್ನೊಂದು ಕನ್ವರ್ಟಿಬಲ್, ಕಾರಿನಲ್ಲೇ ಕಟ್ಟಿದ್ದು, ಮೊದಲು ಕಾರಿನ ಹಿಂಬದಿಗೆ ಮುಖ ಮಾಡಿ, ಮಗು ದೊಡ್ಡದಾದ ಮೇಲೆ ಮುಂದಕ್ಕೆ ತಿರುಗಿಸಿ ಬಳಸುವಂಥದ್ದು, ವರ್ಷಗಟ್ಟಲೆ ಬರುತ್ತದೆ. ಬುಟ್ಟಿ ಸೀಟಿಗೆ 30 ಅಥವಾ 35 ಪೌಂಡ್ ಮಿತಿ ಅಂತ ಬರೆದಿರುತ್ತಾರೆ. ಆದರೆ ಅಷ್ಟು ತೂಕ ಬರುವ ಮೊದಲೇ ಮಗು ಉದ್ದದಲ್ಲಿ ಅದನ್ನು ಮೀರಿಬಿಡುತ್ತದೆ, ಹೆಚ್ಚಿನ ಮನೆಗಳಲ್ಲಿ ಮೊದಲ ಹುಟ್ಟುಹಬ್ಬದ ಆಸುಪಾಸಿಗೆ ಅದರ ಕಥೆ ಮುಗಿಯುತ್ತದೆ. ಹಾಗಾದರೆ ನೇರವಾಗಿ ಕನ್ವರ್ಟಿಬಲ್ಲೇ ತಗೊಳ್ಳೋಣ ಅನ್ನುತ್ತೀರಿ. ದೊಡ್ಡ ಮಗುವಾದರೆ ಸರಿ. ನಮ್ಮವರ ಮಕ್ಕಳು ಎರಡೂವರೆ, ಮೂರು ಕಿಲೋ ಇರುವುದು ಸಾಮಾನ್ಯ. ಕೆಲವು ಕನ್ವರ್ಟಿಬಲ್ ಸೀಟುಗಳಲ್ಲಿ ಕನಿಷ್ಠ 5 ಪೌಂಡ್, ಅಂದರೆ ಸುಮಾರು 2.3 ಕಿಲೋ, ಅಂತ ಬರೆದಿದ್ದರೂ ಬೆಲ್ಟಿನ ಅತಿ ಕೆಳಗಿನ ತೂತು ಅಷ್ಟು ಸಣ್ಣ ಮಗುವಿನ ಭುಜಕ್ಕಿಂತ ಮೇಲೇ ಇರುತ್ತದೆ. ಹಿಂದಕ್ಕೆ ಮುಖ ಮಾಡಿ ಕೂರುವ ಮಗುವಿಗೆ ಬೆಲ್ಟು ಭುಜದ ಮಟ್ಟದಿಂದ ಅಥವಾ ಅದಕ್ಕಿಂತ ಕೆಳಗಿನಿಂದ ಬರಬೇಕು. ಅಂಗಡಿಯಲ್ಲಿ ಬಣ್ಣ ನೋಡುವ ಬದಲು ಈ ತೂತು ನೋಡಿ. ಮಗು ಚಿಕ್ಕದಿರಬಹುದು ಅಂತ ನಿಮ್ಮ ಡಾಕ್ಟರ್ ಅಂದಿದ್ದರೆ ಮೊದಲ ವರ್ಷಕ್ಕೆ ಸಾಧಾರಣ ಬೆಲೆಯ ಬುಟ್ಟಿ ಸೀಟು ತಗೊಳ್ಳಿ. ಮನೆಯಲ್ಲಿ ಎರಡು ಕಾರಿದ್ದರೆ ಇನ್ನೊಂದು ಬೇಸ್ ಸಾಕು, ಇನ್ನೊಂದು ಸೀಟು ಬೇಡ. ಗೆಳೆಯರ ದುಡ್ಡಿನಲ್ಲಿ ಕನ್ವರ್ಟಿಬಲ್ ಕೊಡಿಸಿಕೊಳ್ಳಿ, ತಾರೀಖು ನೋಡಿ ಪೆಟ್ಟಿಗೆ ಬಿಚ್ಚದೆ ಇಟ್ಟುಕೊಳ್ಳಿ.

37 ವಾರಕ್ಕೆ ಮುಂಚೆ ಹುಟ್ಟಿದ ಮಗುವಾದರೆ ಬಹಳಷ್ಟು ಕಡೆ ಆಸ್ಪತ್ರೆಯವರು ಸೀಟಿನಲ್ಲಿ ಕೂರಿಸಿ ಉಸಿರು, ಎದೆಬಡಿತ ನೋಡಿಯೇ ಕಳಿಸುತ್ತಾರೆ. ಆ ಹೊತ್ತಿಗೆ ಸೀಟು ಕೈಯಲ್ಲಿರಬೇಕು, ಇನ್ನೂ ಡೆಲಿವರಿ ಟ್ರಕ್ಕಿನಲ್ಲಿರಬಾರದು.

ಹಿಂದಕ್ಕೆ ಮುಖ ಮಾಡಿ ಎಷ್ಟು ದಿನ ಅಂತ ಮುಂದಿನ ವಾರವೇ ಕೇಳುತ್ತೀರಿ, ಅದನ್ನೂ ಹೇಳಿಬಿಡುತ್ತೇನೆ. ಸೀಟು ತಯಾರಿಸಿದವರು ಹಿಂಮುಖಕ್ಕೆ ಹೇಳಿರುವ ತೂಕ, ಎತ್ತರದ ಮಿತಿ ಮುಟ್ಟುವವರೆಗೂ. ಕಾಲು ಮಡಚಿಕೊಂಡು ಕೂತು ನೋವಾಗುತ್ತೆ ಅನ್ನುವುದು ವಾಟ್ಸಾಪ್ ಗ್ರೂಪಿನ ವೈದ್ಯಶಾಸ್ತ್ರ. ಚಿಕ್ಕ ಮಗುವಿನ ತಲೆ ಮೈಗೆ ಹೋಲಿಸಿದರೆ ಭಾರ, ಕತ್ತಿನ ಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಎದುರಿನಿಂದ ಗುದ್ದಿದಾಗ ಹಿಂದೆ ತಿರುಗಿ ಕೂತ ಮಗುವಿನ ತಲೆ, ಬೆನ್ನು, ಕತ್ತು ಎಲ್ಲಕ್ಕೂ ಸೀಟೇ ಒಟ್ಟಿಗೆ ಆಸರೆ ಕೊಡುತ್ತದೆ. ಮುಂದೆ ನೋಡಿ ಕೂತರೆ ಮೈ ಬೆಲ್ಟಿಗೆ ಸಿಕ್ಕಿಕೊಂಡು ತಲೆಯೊಂದೇ ಮುಂದಕ್ಕೆ ಹೋಗುತ್ತದೆ. ಮಡಚಿದ ಕಾಲಿಗೆ ಏನೂ ಆಗುವುದಿಲ್ಲ. ಮಕ್ಕಳು ಮನೆಯಲ್ಲಿ ನೆಲದ ಮೇಲೆ ಹೇಗೆ ಕೂರುತ್ತಾರೆ ನೋಡಿದ್ದೀರಲ್ಲ. ಮುಂದಿನ ಸೀಟಿನಲ್ಲಿ, ಏರ್‌ಬ್ಯಾಗ್ ಎದುರಿಗೆ, ಹಿಂಮುಖದ ಸೀಟು ಕಟ್ಟಲೇಬಾರದು.

ಕಟ್ಟಿದ ಮೇಲೆ ಬೆಲ್ಟು ಹಾದುಹೋಗುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿ, ಒಂದು ಇಂಚಿಗಿಂತ ಜಾಸ್ತಿ ಜರುಗಬಾರದು. ಸೀಟನ್ನು ಕಾರಿಗೆ ಸಿಕ್ಕಿಸುವ ಲ್ಯಾಚ್ ಕೊಕ್ಕೆ ಇಲ್ಲವೇ ಕಾರಿನ ಬೆಲ್ಟು, ಒಂದು ಸಾಕು. ಮ್ಯಾನ್ಯುಯಲ್ ಹೇಳದ ಹೊರತು ಎರಡನ್ನೂ ಒಟ್ಟಿಗೆ ಹಾಕಬೇಡಿ. ಎದೆಯ ಕ್ಲಿಪ್ಪು ಕಂಕುಳ ಮಟ್ಟಕ್ಕೆ, ಹೊಟ್ಟೆಗಲ್ಲ. ಭುಜದ ಹತ್ತಿರ ಬೆಲ್ಟನ್ನು ಚಿವುಟಿದರೆ ಬೆರಳಿಗೆ ಸಿಗಬಾರದು. ಚಳಿಗೆ ದಪ್ಪ ಜಾಕೆಟ್ ಹಾಕಿ ಬೆಲ್ಟು ಕಟ್ಟಬೇಡಿ, ಬೆಲ್ಟು ಕಟ್ಟಿ ಮೇಲೆ ಕಂಬಳಿ ಹೊದಿಸಿ. ಚೆನ್ನಾಗಿ ಕಾಣುತ್ತೆ ಅಂತ ಬೇರೆ ಕಂಪನಿಯ ಕುಶನ್ನು, ಕತ್ತಿನ ದಿಂಬು ತಂದು ತುರುಕಬೇಡಿ, ಸೀಟಿನ ಜೊತೆ ಬಂದದ್ದು ಮಾತ್ರ. ಇಷ್ಟೆಲ್ಲ ಓದಿಯೂ ತಪ್ಪಾಗುತ್ತದೆ, ಅದಕ್ಕೇ ತರಬೇತಿ ಪಡೆದ ಚೈಲ್ಡ್ ಪ್ಯಾಸೆಂಜರ್ ಸೇಫ್ಟಿ ಟೆಕ್ನಿಷಿಯನ್‌ಗಳಿದ್ದಾರೆ, ಬಹಳ ಕಡೆ ದುಡ್ಡು ಕೇಳುವುದಿಲ್ಲ. ಗಂಡನ ಗೆಳೆಯ ಇಂಜಿನಿಯರು, ಅವನೇ ಫಿಟ್ ಮಾಡಿದ ಅನ್ನುವ ಸರ್ಟಿಫಿಕೇಟು ನನಗೆ ಬೇಡ.

ಒಂದು ಎಚ್ಚರಿಕೆ. ಬುಟ್ಟಿ ಸೀಟನ್ನು ಸ್ಟ್ರೋಲರಿಗೆ ಸಿಕ್ಕಿಸಬಹುದಲ್ಲ, ಅದಕ್ಕೇ ಆ 1,000 ಡಾಲರಿನ ಸೆಟ್ಟು ಎಲ್ಲರಿಗೂ ಬೇಕು. ಮಲಗಿದ ಮಗುವನ್ನು ಎಬ್ಬಿಸದೆ ಮನೆಯೊಳಗೆ ತಂದು ಅದರಲ್ಲೇ ಗಂಟೆಗಟ್ಟಲೆ ಬಿಡುತ್ತಾರೆ. ಕಾರಿನಿಂದ ಇಳಿದ ಮೇಲೆ ಹಾಗೆ ಬಿಡಬೇಡಿ. ಪುಟ್ಟ ಮಗುವಿನ ಗದ್ದ ಎದೆಗೆ ತಾಗಿದರೆ ಉಸಿರಿನ ದಾರಿ ಮುಚ್ಚುತ್ತದೆ, ಸದ್ದೂ ಆಗುವುದಿಲ್ಲ. ಎದ್ದರೆ ಏಳಲಿ, ಎತ್ತಿ ಸಮತಟ್ಟಾದ ಹಾಸಿಗೆಯಲ್ಲಿ ಅಂಗಾತ ಮಲಗಿಸಿ.

ಸ್ಟ್ರೋಲರ್ ಆಸೆಗೆ ನಾನು ಅಡ್ಡ ಬರುವುದಿಲ್ಲ. ಬ್ರೇಕು, ಬೆಲ್ಟು ಗಟ್ಟಿಯಿದ್ದು ರೀಕಾಲ್ ಆಗಿಲ್ಲದಿದ್ದರೆ ಯಾರದ್ದೋ ಹಳೆಯದು ಸಾಕು. ಡಲ್ಲಾಸ್‌ನ ಜುಲೈ ಬಿಸಿಲಲ್ಲಿ ಅದರ ಓಡಾಟ ಮನೆ ಬಾಗಿಲಿನಿಂದ ಕಾರಿನ ಡಿಕ್ಕಿಗೆ, ಡಿಕ್ಕಿಯಿಂದ ಮಾಲ್‌ಗೆ. ದುಡ್ಡು ಉಳಿದರೆ ರಿಜಿಸ್ಟ್ರಿಯಲ್ಲೇ ಅಡುಗೆಯವರಿಗೋ ಮನೆ ಕ್ಲೀನಿಂಗಿಗೋ ಒಂದು ಫಂಡ್ ಇಡಿ. ಬಾಣಂತನಕ್ಕೆ ಬಂದ ಅಮ್ಮನೂ ಅರವತ್ತು ದಾಟಿದವರು, ಜೆಟ್‌ಲ್ಯಾಗಿನಲ್ಲಿ ಮೆಂತ್ಯದ ಲಾಡು ಕಟ್ಟುತ್ತಾ ನಿಲ್ಲುವುದು ಅವರಿಗೂ ಸುಲಭವಲ್ಲ.

ಪ್ರಶ್ನೆ: ತಾನೇ ತೂಗುವ 1,700 ಡಾಲರಿನ ತೊಟ್ಟಿಲು ತಗೊಳ್ಳೋಣ ಅಂತಿದ್ದೇವೆ. ಅತ್ತೆ ಊರಿನಿಂದ ಮರದ ತೊಟ್ಟಿಲು ಕಳಿಸುತ್ತೇನೆ ಅನ್ನುತ್ತಾರೆ.

ಮೊದಲನೆಯದು ಕೆಲವೇ ತಿಂಗಳ ಸಾಮಾನು, ಬೇಕೇ ಬೇಕು ಅಂದರೆ ಬಾಡಿಗೆಗೆ ಸಿಗುತ್ತದೆ. ಅತ್ತೆಯ ತೊಟ್ಟಿಲನ್ನು ನಾಮಕರಣದ ದಿನ ಹೂವು ಕಟ್ಟಿ ಇಡಿ, ಶಾಸ್ತ್ರ ಮಾಡಿ, ಫೋಟೋ ತೆಗೆಸಿ. ರಾತ್ರಿ ಮಲಗಿಸಲು ಬೇಡ, ಸೀರೆಯ ಜೋಲಿಯೂ ಬೇಡ, ಬಾಗಿದ ಜಾಗದಲ್ಲಿ ಮಗು ಮುದುಡಿಕೊಳ್ಳುತ್ತದೆ. ಅದಕ್ಕೆ ಕ್ರಿಬ್ ಸಾಕು, ಅಂದರೆ ಸುತ್ತ ಕಂಬಿಯಿರುವ ಮಗುವಿನ ಮಂಚ, ಇಲ್ಲಿ ಹೊಸದಾಗಿ ಮಾರುವ ಅಗ್ಗದ ಕ್ರಿಬ್ಬೂ ಫೆಡರಲ್ ನಿಯಮ ಪಾಲಿಸಲೇಬೇಕು. ಪಕ್ಕದ ಕಂಬಿ ಕೆಳಗಿಳಿಯುವ ಹಳೆಯ ಕ್ರಿಬ್ ಯಾರಾದರೂ ಕೊಟ್ಟರೆ ಬೇಡ ಅನ್ನಿ, 2011ರಿಂದ ಅದರ ಮಾರಾಟಕ್ಕೇ ನಿಷೇಧವಿದೆ. ಗಟ್ಟಿ ಹಾಸಿಗೆ, ಬಿಗಿಯಾದ ಒಂದು ಬೆಡ್‌ಶೀಟ್, ಮುಗಿಯಿತು. ಮೊದಲ 6 ತಿಂಗಳಾದರೂ ಅದು ನಿಮ್ಮ ಕೋಣೆಯಲ್ಲೇ ಇರಲಿ.

ಪ್ರಶ್ನೆ: ತಲೆ ದುಂಡಗಾಗಲು ಸಾಸಿವೆ ದಿಂಬು? ಇನ್‌ಸ್ಟಾಗ್ರಾಮಿನಲ್ಲಿ ಒಬ್ಬರು ನಿದ್ರೆ ತಜ್ಞರು ಹೇಳಿದ, ತೂಕ ತುಂಬಿದ ಸ್ಲೀಪ್ ಸ್ಯಾಕ್, ಮಲಗುವಾಗ ಮಗುವಿಗೆ ತೊಡಿಸುವ ಚೀಲ?

ಎರಡೂ ಬೇಡ. ತಲೆ ಚಪ್ಪಟೆಯಾಗದಂತೆ ಎಚ್ಚರವಿದ್ದಾಗ, ನೀವು ಪಕ್ಕದಲ್ಲಿರುವಾಗ, ಬೋರಲು ಮಲಗಿಸಿ ಆಡಿಸಿ. ತಲೆಯ ಆಕಾರ ತಿದ್ದುವ ದಿಂಬುಗಳು ಬೇಡ ಅಂತ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲೇ ಎಚ್ಚರಿಸಿದೆ. ತೂಕದ ಚೀಲ ಬೇಡ ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಅದೇ ವರ್ಷ ಹೇಳಿತು. ಎದೆಯ ಮೇಲೆ ಭಾರ ಹೇರಿ ಮಗುವನ್ನು ಮಲಗಿಸಿ ಅನ್ನುವವರನ್ನು ತಜ್ಞರು ಅನ್ನಬೇಡಿ.

ಪ್ರಶ್ನೆ: ಕಾಲಿಗೆ ಹಾಕುವ, ಆಕ್ಸಿಜನ್ ತೋರಿಸುವ ಸಾಕ್ಸ್?

ಆರೋಗ್ಯವಾಗಿರುವ ಮಗುವಿಗೆ ಬೇಡ. ನಿದ್ದೆಯಲ್ಲಿ ಮಗುವಿಗೆ ಬರುವ ಹಠಾತ್ ಸಾವನ್ನು ಅದು ತಡೆಯುತ್ತದೆ ಅಂತ ಯಾರೂ ತೋರಿಸಿಲ್ಲ. ರಾತ್ರಿ ಮೂರಕ್ಕೆ ಸುಳ್ಳು ಅಲಾರಂ ಹೊಡೆದು ಅಪ್ಪ ಅಮ್ಮ ತುರ್ತು ಚಿಕಿತ್ಸೆಗೆ ಓಡಿ ಬರುವುದನ್ನು ಮಾತ್ರ ನಾನು ನೋಡಿದ್ದೇನೆ.

ಪ್ರಶ್ನೆ: ಎದೆಹಾಲಿನ ಪಂಪ್ ರಿಜಿಸ್ಟ್ರಿಯಲ್ಲಿ ಹಾಕೋಣವಾ?

ಬೇಡ, ಇಲ್ಲಿನ ಹೆಚ್ಚಿನ ವಿಮೆಗಳು ಅದನ್ನು ಪುಕ್ಕಟೆ ಕೊಡಲೇಬೇಕು, ಫೋನ್ ಮಾಡಿ ಕೇಳಿ.

ಪ್ರಶ್ನೆ: ವಾಕರ್?

ಕೆನಡಾದಲ್ಲಿ ಅದನ್ನು ಮಾರುವುದೂ 2004ರಿಂದ ಅಪರಾಧ, ಇನ್ನೇನು ಹೇಳಲಿ.

ಪ್ರಶ್ನೆ: ನಾವು ಬೆಂಗಳೂರಿನಲ್ಲಿದ್ದೇವೆ. ಅಣ್ಣ ಅಮೆರಿಕದಿಂದ ಏನು ತರಲಿ ಅಂತ ಕೇಳುತ್ತಿದ್ದಾನೆ. ಇಲ್ಲಿನ ಟ್ರಾಫಿಕ್ಕಿನಲ್ಲಿ ಕಾರ್ ಸೀಟು ಬೇಕಾ?

ಸಿಲ್ಕ್ ಬೋರ್ಡ್‌ನಲ್ಲಿ ಕಾರು ನಿಂತೇ ಇರುತ್ತೆ, ನಿಜ. ಅದೇ ಕಾರಿನಲ್ಲಿ ತಾನೇ ಶನಿವಾರ ಮೈಸೂರಿಗೆ ಹೋಗುವುದು? ಕಾನೂನೂ ಇದೆ, 2019ರ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟು ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1,000 ರೂಪಾಯಿ ದಂಡ. ಸೀಟನ್ನು ಬೆಂಗಳೂರಿನಲ್ಲೇ ತಗೊಳ್ಳಿ, ನಿಮ್ಮ ಕಾರಿಗೆ ಕೂರುತ್ತಾ ಅಂತ ಕಟ್ಟಿ ನೋಡಿ ತಗೊಳ್ಳಿ. ಅಣ್ಣನಿಗೆ ಚಾಕಲೇಟ್ ತರಲು ಹೇಳಿ.

ಪ್ರಶ್ನೆ: ಮಗು ಹುಟ್ಟುವ ಮೊದಲು ಸಾಮಾನು ಮನೆಗೆ ತರಬಾರದು ಅಂತ ಅಜ್ಜಿ ಹೇಳುತ್ತಾರೆ.

ಅಜ್ಜಿಯ ಮಾತು ಮೀರಬೇಡಿ, ಕ್ರಿಬ್ಬು, ಬಟ್ಟೆ, ಸ್ಟ್ರೋಲರ್ ಎಲ್ಲ ಗೆಳೆಯರ ಗ್ಯಾರೇಜಿನಲ್ಲಿರಲಿ. ಕಾರ್ ಸೀಟು ಮಾತ್ರ 35ನೇ ವಾರದೊಳಗೆ ಕಾರಿನಲ್ಲಿ ಕಟ್ಟಿರಬೇಕು. ಕಾರು ಮನೆಯ ಹೊರಗೇ ತಾನೇ ನಿಲ್ಲುವುದು, ಅಜ್ಜಿಗೆ ಹಾಗೇ ಹೇಳಿ.