ಸಾಹೇಬರ ಮೇಲೆ ಮೂಗರ್ಜಿ ಹಾಕಲೇ?

ಪ್ರಶ್ನೆ: ನಾನು ತಾಲ್ಲೂಕು ಕೋರ್ಟೊಂದರಲ್ಲಿ ಶಿರಸ್ತೇದಾರ. ನಿವೃತ್ತಿಗೆ ಇನ್ನೆರಡು ವರ್ಷ. ಹೊಸದಾಗಿ ಬಂದ ಸ್ಟೆನೋ ಹುಡುಗಿಯೊಬ್ಬಳಿದ್ದಾಳೆ, ಪ್ರೊಬೇಷನ್ ಕೂಡ ಮುಗಿದಿಲ್ಲ. ಎರಡು ತಿಂಗಳಿಂದ ನಮ್ಮ ಸಾಹೇಬರು, ಅಂದರೆ ನ್ಯಾಯಾಧೀಶರು, ಸಂಜೆ ಆರರ ಮೇಲೆ ಡಿಕ್ಟೇಷನ್ ಅಂತ ಅವಳನ್ನು ಚೇಂಬರಿಗೆ ಕರೆದು, ದಲಾಯತನನ್ನು ಮನೆಗೆ ಕಳಿಸಿಬಿಡುತ್ತಾರೆ. ಮೈಗೆ ತಾಗಿ ನಿಲ್ಲುವುದು, ಉಟ್ಟ ಬಟ್ಟೆಯ ಬಗ್ಗೆ ಮಾತು, ರಾತ್ರಿ ವಾಟ್ಸ್‌ಆ್ಯಪ್ ಸಂದೇಶ. ಮೊನ್ನೆ ರೆಕಾರ್ಡ್ ರೂಮಿನಲ್ಲಿ ಕೂತು ಅತ್ತಳು. ನನ್ನ ಮಗಳ ವಯಸ್ಸಿನವಳು. ಹೈಕೋರ್ಟಿಗೆ ಮೂಗರ್ಜಿ ಹಾಕಿಬಿಡಿ ಅನ್ನುತ್ತಾರೆ ಆಫೀಸಿನವರು. ಹೆಸರು ಹಾಕಿದರೆ ನ್ಯಾಯಾಂಗ ನಿಂದನೆಯಾಗುತ್ತದೆ, ಪಿಂಚಣಿಗೂ ಕುತ್ತು ಅನ್ನುತ್ತಾರೆ. ಸುಪ್ರೀಂ ಕೋರ್ಟಿನ ಹೆಣ್ಣುಮಗಳಿಗೇ ಏನಾಯಿತು ಎಂದು ನೋಡಿದ್ದೇವಲ್ಲ. ನಾನೇನು ಮಾಡಲಿ?

ಉತ್ತರ: ಶಿರಸ್ತೇದಾರರೇ, ಮೂಗರ್ಜಿ ಮಾತ್ರ ಹಾಕಬೇಡಿ. ಕೆಳ ನ್ಯಾಯಾಲಯದ ನ್ಯಾಯಾಧೀಶರ ಮೇಲಿನ ದೂರಿಗೆ ಪ್ರಮಾಣಪತ್ರ (ಅಫಿಡವಿಟ್) ಮತ್ತು ಪರಿಶೀಲಿಸಬಹುದಾದ ಆಧಾರ ಇರಲೇಬೇಕು ಎಂದು 2014ರ ಅಕ್ಟೋಬರ್‌ನಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳೇ ಹೈಕೋರ್ಟುಗಳಿಗೆ ಬರೆದಿದ್ದಾರೆ. ಹೆಸರಿಲ್ಲದ ಕಾಗದ ಫೈಲಿಗೆ ಸೇರಿ ಅಲ್ಲೇ ಉಳಿಯುತ್ತದೆ. ಆದರೆ ನನ್ನ ಭಯ ಅದಲ್ಲ. ಹತ್ತಿಪ್ಪತ್ತು ಜನರ ಕಚೇರಿ ನಿಮ್ಮದು. ನುಡಿ ತಂತ್ರಾಂಶದಲ್ಲಿ ನೀಟಾಗಿ ಟೈಪಾದ ಕಾಗದ ಬೆಂಗಳೂರಿಗೆ ಹೋಯಿತೆಂದು ಗೊತ್ತಾದರೆ ಮೊದಲ ಅನುಮಾನ ಯಾರ ಮೇಲೆ? ಆ ಹುಡುಗಿಯ ಮೇಲೆಯೇ. ದೂರು ಕೊಡದೆಯೇ ದೂರು ಕೊಟ್ಟವಳ ಕಷ್ಟವೆಲ್ಲ ಆಕೆಯ ತಲೆಗೆ ಬರುತ್ತದೆ, ಕಾನೂನಿನ ಆಸರೆ ಮಾತ್ರ ಸಿಗುವುದಿಲ್ಲ.

ನಾನು ಕಪ್ಪು ಕೋಟು ತೊಡುತ್ತಿದ್ದ ಕಾಲದಲ್ಲಿ ಒಂದೂರಿನ ಕೋರ್ಟಿನಲ್ಲಿ ಟೈಪಿಸ್ಟ್ ಒಬ್ಬಳಿದ್ದಳು. ಸಂಜೆ ಕರೆಗಂಟೆ ಬಾರಿಸಿದರೆ ಸಾಕು, ಡ್ರಾಯರ್ ಎಳೆದು ಸೆರಗಿಗೆ ಇನ್ನೆರಡು ಪಿನ್ನು ಚುಚ್ಚಿಕೊಂಡು ಚೇಂಬರಿಗೆ ಹೋಗುತ್ತಿದ್ದಳು. ನಾವೆಲ್ಲ ನೋಡಿದ್ದೆವು. ಒಬ್ಬರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟು ಹೋದಳು. ನಿಮ್ಮ ಪತ್ರ ಓದುವಾಗ ನನಗೆ ಆ ಪಿನ್ನುಗಳೇ ಕಣ್ಣಿಗೆ ಕಟ್ಟಿದವು.

ಹಾಗಾಗಿ ಮೊದಲು ಆಕೆಯನ್ನು ಕೇಳಿ. ನಿಮ್ಮ ಪತ್ರದಲ್ಲಿ ಎಲ್ಲರ ಸಲಹೆಯೂ ಇದೆ, ಆಕೆಗೆ ಏನು ಬೇಕು ಎಂಬುದೊಂದೇ ಇಲ್ಲ. ನಿಮ್ಮ ಹೆಂಡತಿಯನ್ನೋ ನಂಬಿಕಸ್ಥ ಮಹಿಳಾ ಸಹೋದ್ಯೋಗಿಯನ್ನೋ ಜೊತೆಗಿಟ್ಟುಕೊಂಡು, ಕೋರ್ಟಿನ ಆವರಣದ ಹೊರಗೆ ಮಾತಾಡಿ. ಆಕೆ ಸಿದ್ಧಳಿದ್ದರೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಂತೆ ಜಿಲ್ಲಾ ನ್ಯಾಯಾಲಯದ ಆಂತರಿಕ ಸಮಿತಿಗೆ ದೂರು ಕೊಡಬಹುದು. ತಾನೇ ಕೊಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ, ಆಕೆಯ ಲಿಖಿತ ಒಪ್ಪಿಗೆ ಪಡೆದು ಘಟನೆ ಬಲ್ಲವರು ಯಾರಾದರೂ ಕೊಡಲು ನಿಯಮದಲ್ಲೇ ಅವಕಾಶವಿದೆ. ಆ ಬಲ್ಲವರು ನೀವೇ ಆಗಬಹುದು. ಹೈಕೋರ್ಟಿನ ರಿಜಿಸ್ಟ್ರಾರ್ ಜನರಲ್ ಅವರಿಗೂ ಪ್ರಮಾಣಪತ್ರದೊಂದಿಗೆ ಒಂದು ದೂರು ಹೋಗಲಿ.

ನಿಂದನೆಯ ಭಯ ಬಿಡಿ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 6ನೇ ಸೆಕ್ಷನ್ ತೆಗೆದು ನೋಡಿ, ನಿಮ್ಮ ಕೋರ್ಟಿನ ಲೈಬ್ರರಿಯಲ್ಲೇ ಇರುತ್ತದೆ. ಕೆಳ ನ್ಯಾಯಾಲಯದ ನ್ಯಾಯಾಧೀಶರ ಬಗ್ಗೆ ಹೈಕೋರ್ಟಿಗೆ ಸದುದ್ದೇಶದಿಂದ ಹೇಳಿದ್ದು ನಿಂದನೆಯಲ್ಲ ಎಂದು ಅಲ್ಲೇ ಬರೆದಿದೆ. ದೂರು ಸಾಬೀತಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ದೂರುದಾರರನ್ನು ಶಿಕ್ಷಿಸುವಂತಿಲ್ಲ ಎಂದು 2013ರ ಕಾಯ್ದೆಯೂ ಹೇಳುತ್ತದೆ. ಪತ್ರಿಕೆಯವರಿಗೆ, ಆಫೀಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಮಾತ್ರ ಒಂದಕ್ಷರವೂ ಹೋಗಬಾರದು. ಗೋಪ್ಯತೆ ಕಾಯುವುದು ಕಾಯ್ದೆಯ ಕಟ್ಟಪ್ಪಣೆ.

ಇನ್ನು ಸುಪ್ರೀಂ ಕೋರ್ಟಿನ ಮಾತು. 2019ರಲ್ಲಿ ಅಲ್ಲಿನ ಮಾಜಿ ಮಹಿಳಾ ಉದ್ಯೋಗಿಯೊಬ್ಬರು ಅಂದಿನ ಮುಖ್ಯ ನ್ಯಾಯಮೂರ್ತಿಯವರ ಮೇಲೆಯೇ ಆರೋಪ ಮಾಡಿದರು. ಅವರು ಅದನ್ನು ಅಲ್ಲಗಳೆದರು. ಮೂವರು ನ್ಯಾಯಮೂರ್ತಿಗಳ ಆಂತರಿಕ ಸಮಿತಿ ಕೂತಿತು. ವಕೀಲರನ್ನು ಜೊತೆಗಿಟ್ಟುಕೊಳ್ಳಲು ಬಿಡಲಿಲ್ಲವೆಂದು ಆಕೆ ವಿಚಾರಣೆಯಿಂದ ಹೊರಬಂದರು. ಆರೋಪದಲ್ಲಿ ಹುರುಳಿಲ್ಲ ಎಂದಿತು ಸಮಿತಿ, ವರದಿಯನ್ನು ಹೊರಗೆ ಬಿಡಲಿಲ್ಲ. ಮರುವರ್ಷ ಆಕೆಯನ್ನು ಕೆಲಸಕ್ಕೆ ವಾಪಸ್ ತೆಗೆದುಕೊಂಡರು. ಆ ವಿಚಾರಣೆ ನಡೆದ ರೀತಿ ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಆದರೆ ನಿಮ್ಮ ಸಾಹೇಬರ ವಿಷಯ ಬೇರೆ. ಹೈಕೋರ್ಟ್, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯನ್ನು ತೆಗೆಯಬೇಕಾದರೆ ಸಂಸತ್ತೇ ನಿರ್ಣಯ ಮಾಡಬೇಕು. ತಾಲ್ಲೂಕು ನ್ಯಾಯಾಧೀಶರು ಸಂವಿಧಾನದ 235ನೇ ವಿಧಿಯಂತೆ ಹೈಕೋರ್ಟಿನ ಹತೋಟಿಯಲ್ಲಿರುವವರು. ವರ್ಗಾವಣೆ, ಅಮಾನತು, ಇಲಾಖಾ ವಿಚಾರಣೆ ಎಲ್ಲವೂ ಹೈಕೋರ್ಟಿನ ಕೈಯಲ್ಲೇ ಇವೆ. ಮಧ್ಯಪ್ರದೇಶದ ಜಿಲ್ಲಾ ನ್ಯಾಯಾಧೀಶರೊಬ್ಬರು ಇಂಥದೇ ವಿಚಾರಣೆ ನಿಲ್ಲಿಸಿ ಎಂದು ಸುಪ್ರೀಂ ಕೋರ್ಟಿಗೆ ಹೋದಾಗ, 2021ರ ಫೆಬ್ರವರಿಯಲ್ಲಿ ಕೋರ್ಟು ಒಪ್ಪಲಿಲ್ಲ. ಅಲ್ಲಿಯೂ ವಾಟ್ಸ್‌ಆ್ಯಪ್ ಸಂದೇಶಗಳಿದ್ದವು.

ಆದ್ದರಿಂದ ಆಕೆಗೆ ಹೇಳಿ, ಒಂದು ಸಂದೇಶವನ್ನೂ ಅಳಿಸಬಾರದು, ಸ್ಕ್ರೀನ್‌ಶಾಟ್ ತೆಗೆದು ಬೇರೆ ಕಡೆ ಇಟ್ಟರೂ ಮೂಲ ಫೋನ್ ಜೋಪಾನವಾಗಿರಲಿ. ಕರೆದ ದಿನ, ಗಂಟೆ, ಕೊಟ್ಟ ಡಿಕ್ಟೇಷನ್ ಯಾವ ಕೇಸಿನದು, ಅಲ್ಲಿ ಇನ್ಯಾರಿದ್ದರು, ಎಲ್ಲವನ್ನೂ ಆಕೆಯೂ ಬರೆದಿಡಲಿ, ನೀವು ಕಣ್ಣಾರೆ ಕಂಡದ್ದನ್ನು ನೀವೂ ಬರೆದಿಡಿ. ದಾಖಲೆಯ ಬೆಲೆ ನಿಮಗೆ ನಾನು ಹೇಳಿಕೊಡಬೇಕೇ? ವಿಚಾರಣೆ ಮುಗಿಯುವ ತನಕ ತನ್ನನ್ನಾಗಲಿ ಅವರನ್ನಾಗಲಿ ಬೇರೆಡೆಗೆ ಹಾಕಿ ಎಂದು ಆಕೆ ಸಮಿತಿಯನ್ನು ಕೇಳಬಹುದು, ಮೂರು ತಿಂಗಳವರೆಗೆ ಹೆಚ್ಚುವರಿ ರಜೆಯನ್ನೂ ಕೇಳಬಹುದು. ಪ್ರೊಬೇಷನ್‌ನಲ್ಲಿರುವ ಹುಡುಗಿಗೆ ಇದು ಮೊದಲೇ ಗೊತ್ತಿದ್ದರೆ ಅರ್ಧ ಧೈರ್ಯ ಬರುತ್ತದೆ.

ದೂರಿಗೆ ಕೊನೆಯ ಘಟನೆಯಿಂದ ಮೂರು ತಿಂಗಳ ಗಡುವಿದೆ. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಅದನ್ನು ನೆಚ್ಚಿ ಕೂರಬೇಡಿ.

ಅಷ್ಟರವರೆಗೆ ಸಂಜೆ ಆರಾದರೂ ನಿಮ್ಮ ಕುರ್ಚಿಯಿಂದ ಏಳಬೇಡಿ. ದಲಾಯತನಿಗೂ ಕೂತಿರಲು ಹೇಳಿ. ಚೇಂಬರಿಗೆ ಕರೆ ಬಂದರೆ ಸಹಿ ಬೇಕಾದ ಫೈಲು ಹಿಡಿದು ನೀವೂ ಒಳಗೆ ಹೋಗಿ. ಹತ್ತು ನಿಮಿಷ ಬಿಟ್ಟು ಇನ್ನೊಂದು ಫೈಲು ಒಯ್ಯಿರಿ. ಆಕೆ ಬಸ್ಸು ಹತ್ತಿದ ಮೇಲೆ ಮನೆಗೆ ಹೊರಡಿ.