ತಳದ ಮೀನು ಇರುವುದು ಹೊಲಸು ತಿನ್ನಲಿಕ್ಕಲ್ಲ

ಓದುಗರ ಪ್ರಶ್ನೆ, ತಜ್ಞರ ಉತ್ತರ: ಅಕ್ವೇರಿಯಂ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ತಳದಲ್ಲಿ ಓಡಾಡುವ ಮೀನುಗಳ ಬಗ್ಗೆಯೇ ಇವೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ, ಅಷ್ಟರಲ್ಲಿ ಮೀನು ಸತ್ತಿರುತ್ತದೆ. ಹಾಗಾಗಿ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಕೊಡುತ್ತೇನೆ. ಫಿಲ್ಟರ್ ಕೂರಿಸುವುದು, ನೀರು ಬದಲಿಸುವುದು ನಿಮಗೆ ಗೊತ್ತಿದೆ ಎಂದುಕೊಂಡೇ ಬರೆಯುತ್ತಿದ್ದೇನೆ.

ಪ್ರಶ್ನೆ: ನಮ್ಮದು ಮೂರಡಿ ಟ್ಯಾಂಕ್, ಬೋರ್ ನೀರು. ಏಂಜಲ್, ಗೌರಾಮಿ ಇವೆ. ತಳಕ್ಕೆ ಸಕ್ಕರ್ (ಗಾಜಿಗೆ ಬಾಯಿ ಅಂಟಿಸಿಕೊಳ್ಳುವ ಮೀನು) ಬಿಟ್ಟು ಬೇರೆ ಏನಾದರೂ ವಿಶೇಷದ್ದು ಬೇಕು. ಹಿಲ್‌ಸ್ಟ್ರೀಮ್ ಲೋಚ್, ರೆಡ್‌ಟೇಲ್ ಕ್ಯಾಟ್‌ಫಿಶ್ ಮರಿ, ಫೈರ್ ಈಲ್ ತರಿಸಿಕೊಡುತ್ತೇವೆ ಅಂತ ಅಂಗಡಿಯವರು ಹೇಳಿದ್ದಾರೆ. ಯಾವುದು ಒಳ್ಳೆಯದು? ಹೊಲಸು ತಿಂದು ಟ್ಯಾಂಕ್ ಸ್ವಚ್ಛ ಇಡುವಂಥದ್ದಾದರೆ ಇನ್ನೂ ಒಳ್ಳೆಯದು. (ಸಿಂಧನೂರು)

ಉತ್ತರ: ನಿಮ್ಮ ಕೊನೆಯ ಮಾತನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಬೇರೆ ಮೀನಿನ ಹಿಕ್ಕೆ ತಿಂದು ಬದುಕುವ ಮೀನು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ತಳದ ಮೀನೂ ತಿನ್ನುತ್ತದೆ, ಹಿಕ್ಕೆ ಹಾಕುತ್ತದೆ, ಮೀನಿಗೆ ವಿಷವಾದ ಅಮೋನಿಯಾ ಬಿಡುತ್ತದೆ. ಒಂದು ಮೀನು ಹೆಚ್ಚಾದರೆ ಟ್ಯಾಂಕಿನ ಹೊಲಸೂ ಹೆಚ್ಚಾಗುತ್ತದೆ. ಮೇಲಿನ ಮೀನು ತಿಂದು ಉಳಿದಿದ್ದರಲ್ಲಿ ಬದುಕಲಿ ಅಂತ ಬಿಟ್ಟ ಲೋಚ್‌ಗಳ (ತಳದಲ್ಲಿ ಓಡಾಡುವ ಚಿಕ್ಕ ಮೀಸೆಯ ಮೀನುಗಳು) ಗತಿ ನೋಡಿದ್ದೇನೆ. ಹೊಟ್ಟೆ ಒಳಗೆ ಸೇದಿಕೊಂಡು, ಬೆನ್ನು ಕತ್ತಿಯಂತೆ ಎದ್ದು, ತಲೆಯೊಂದೇ ದಪ್ಪ ಕಾಣುತ್ತದೆ. ಅದು ಉಪವಾಸ ಸಾಯುತ್ತಿರುವ ಮೀನು. ಲೈಟ್ ಆರಿಸಿದ ಮೇಲೆ ಇವಕ್ಕೆ ಬೇರೆಯೇ ಊಟ ಹಾಕಬೇಕು. ಮುಳುಗುವ ಪೆಲೆಟ್ ಆಗಬಹುದು, ಫ್ರೋಜನ್ ಬ್ಲಡ್‌ವರ್ಮ್ (ಹೆಪ್ಪುಗಟ್ಟಿಸಿದ ಸಣ್ಣ ಕೆಂಪು ಹುಳ) ಆಗಬಹುದು.

ಅಂಗಡಿಯವರು ಹೇಳಿದ ಮೂರೂ ಬೇಡ. ರೆಡ್‌ಟೇಲ್ ಅಮೆಜಾನ್ ನದಿಯ ಮೀನು, ಒಂದು ಮೀಟರ್ ದಾಟಿ ಬೆಳೆಯುತ್ತದೆ. ಅಂದರೆ ನಿಮ್ಮ ಟ್ಯಾಂಕಿಗಿಂತ ಉದ್ದ. ಅಷ್ಟರೊಳಗೆ ನಿಮ್ಮ ಏಂಜಲ್‌ಗಳನ್ನೆಲ್ಲ ನುಂಗಿರುತ್ತದೆ. ಮೂರು ಇಂಚಿನ ಮರಿಯನ್ನು ಮೂರಡಿ ಟ್ಯಾಂಕಿನವರಿಗೆ ಮಾರುವುದು ಮೋಸ, ನಾನು ಅದಕ್ಕೆ ಬೇರೆ ಹೆಸರು ಕೊಡುವುದಿಲ್ಲ. ಫೈರ್ ಈಲ್ ಕೂಡ ಹತ್ತಿರ ಹತ್ತಿರ ಮೀಟರ್ ಉದ್ದ ಆಗುವಂಥದ್ದು.

ಹಿಲ್‌ಸ್ಟ್ರೀಮ್ ಲೋಚ್ ಚಿಕ್ಕದು, ನೋಡಲು ಬಲು ಚೆಂದ. ಆದರೆ ಚೀನಾ, ವಿಯೆಟ್ನಾಂ ಕಡೆಯ ತಣ್ಣನೆಯ ರಭಸದ ಹಳ್ಳಗಳಲ್ಲಿರುವ ಮೀನು. 20ರಿಂದ 24 ಡಿಗ್ರಿ ಬೇಕು. ನಮ್ಮ ರಾಯಚೂರು ಜಿಲ್ಲೆಯಲ್ಲಿ ಮೇ ತಿಂಗಳ ಬಿಸಿಲು 42 ಡಿಗ್ರಿ ಮುಟ್ಟಿದಾಗ ಎಸಿ ಇಲ್ಲದ ಮನೆಯ ಟ್ಯಾಂಕ್ ನೀರು 32–33ಕ್ಕೆ ಬರುತ್ತದೆ. ನೀರು ಬಿಸಿಯಾದಷ್ಟೂ ಅದು ಹಿಡಿದಿಡುವ ಆಮ್ಲಜನಕ ಕಡಿಮೆ. 22 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.7 ಮಿಲಿಗ್ರಾಂ ಇದ್ದದ್ದು 33ಕ್ಕೆ ಬಂದಾಗ 7.2ರ ಆಸುಪಾಸು. ಮೀನಿಗೆ ಮಾತ್ರ ಬಿಸಿಯಲ್ಲಿ ಆಮ್ಲಜನಕ ಇನ್ನೂ ಜಾಸ್ತಿ ಬೇಕು. ಅದರ ಮೇಲೆ ಕರೆಂಟ್ ಹೋಗಿ ಏರ್ ಪಂಪ್ ನಿಂತರೆ ಮೊದಲು ಸಾಯುವುದು ಇದೇ.

ಹಾಗಾದರೆ ಯಾವುದು ತರಬೇಕು? ನನ್ನ ಮೊದಲ ಆಯ್ಕೆ ನಮ್ಮ ದೇಶದ್ದೇ ಚಿಕ್ಕ ಸ್ಪೈನಿ ಈಲ್, ಅಂದರೆ ಹಾವಿನಂತೆ ಉದ್ದ ಮೈಯ ಮೀನು. ಶಾಸ್ತ್ರೀಯ ಹೆಸರು ಮ್ಯಾಕ್ರೋಗ್ನಾಥಸ್ ಪ್ಯಾಂಕಾಲಸ್. ಜಾಸ್ತಿ ಅಂದರೆ 18 ಸೆಂ.ಮೀ. ಬಯಲುಸೀಮೆಯ ನದಿ, ಕಾಲುವೆ, ಕೆರೆಗಳ ಮೀನು. ನಿಮ್ಮ ಬೋರ್‌ನಂಥ ಗಡಸು ನೀರು, ಬಿಸಿ ನೀರು ಎರಡೂ ತಡೆಯುತ್ತದೆ. ಹಗಲೆಲ್ಲ ಮರಳಲ್ಲಿ ಹೂತುಕೊಂಡಿರುತ್ತದೆ. ಸಂಜೆ ಮರಳು ಸಣ್ಣಗೆ ಅಲುಗಿ ಚೂಪು ಮೂತಿ ಹೊರಬರುತ್ತದೆ. ಮೂತಿಯ ತುದಿಯಲ್ಲಿ ಎರಡು ಪುಟ್ಟ ಕೊಳವೆಯಂಥ ಮೂಗಿನ ಹೊಳ್ಳೆ. ಅದನ್ನೇ ಅತ್ತಿತ್ತ ಆಡಿಸಿ ವಾಸನೆ ಹಿಡಿಯುತ್ತದೆ. ಬ್ಲಡ್‌ವರ್ಮ್ ಬಿದ್ದ ಜಾಗ ಗೊತ್ತಾದ ಮೇಲೆಯೇ ಮೈ ಹೊರಗೆ.

ಕೊಳ್ಳುವಾಗ ಬಾಲ ನೋಡಿ. ಇದರಲ್ಲಿ ಬಾಲದ ರೆಕ್ಕೆ ಬೇರೆಯಾಗಿ ಕಾಣಬೇಕು. ಬೆನ್ನಿನ ರೆಕ್ಕೆ, ಬಾಲ, ಹೊಟ್ಟೆಯ ರೆಕ್ಕೆ ಮೂರೂ ಕೂಡಿ ಒಂದೇ ಅಂಚಾಗಿದ್ದರೆ ಅದು ದೊಡ್ಡ ಹಾವು ಮೀನಿನ ಮರಿ, ಎರಡಡಿ ದಾಟುತ್ತದೆ. ತರಬೇಡಿ. ಟ್ಯಾಂಕಿನ ಮುಚ್ಚಳದಲ್ಲಿ ಬೆರಳು ಹಾಯುವ ಸಂದಿಯೂ ಇರಬಾರದು, ರಾತ್ರಿ ಹೊರಗೆ ಬಿದ್ದು ಒಣಗುತ್ತದೆ. ಒಣ ಆಹಾರವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಎರೆಹುಳ ಕತ್ತರಿಸಿ ಹಾಕಿದರೆ ತಿನ್ನುತ್ತದೆ. ಅದು ನಿಮ್ಮಿಂದ ಆಗದಿದ್ದರೆ ಈ ಮೀನೇ ಬೇಡ.

ಗುಂಪು ಇಷ್ಟವಾದರೆ ಕೂಲಿ ಲೋಚ್ ಎಂಬ ಜಾತಿಯವು ಆರು ತನ್ನಿ, ಒಂದೆರಡು ತಂದರೆ ಅವು ಮೂಲೆ ಬಿಟ್ಟು ಬರುವುದಿಲ್ಲ. ಅವಕ್ಕೆ ಮೆದು ನೀರು ಬೇಕು. ಊರಿನ ಶುದ್ಧ ನೀರಿನ ಘಟಕದ ಆರ್‌ಒ ನೀರನ್ನು ಬೋರ್ ನೀರಿಗೆ ಅರ್ಧಕ್ಕರ್ಧ ಬೆರೆಸಿ. ಬರೀ ಆರ್‌ಒ ನೀರು ಹಾಕಬೇಡಿ, ಅದರಲ್ಲಿ ಖನಿಜ ಇರುವುದಿಲ್ಲ, ಪಿಎಚ್ (ಆಮ್ಲ-ಕ್ಷಾರದ ಅಳತೆ) ಏಕಾಏಕಿ ಬೀಳುತ್ತದೆ. ಕೋರಿಡೋರಸ್ (ಚಿಕ್ಕ ಕ್ಯಾಟ್‌ಫಿಶ್) ಬೇಕೆಂದರೆ ಅದರಲ್ಲಿ ಬಿಸಿ ತಡೆಯುವ ಸ್ಟರ್ಬಾಯ್ ಜಾತಿ ಒಂದನ್ನೇ ಕೇಳಿ.

ನಾನು ಹೇಳಿದ ಈ ಮೂರರಲ್ಲಿ ಯಾವುದಾದರೂ ಸರಿ, ತಳಕ್ಕೆ ನುಣುಪು ಹೊಳೆ ಮರಳು ಜರಡಿ ಹಿಡಿದು, ತೊಳೆದು ಹಾಕಿ. ಎಂ-ಸ್ಯಾಂಡ್ ಬೇಡವೇ ಬೇಡ. ಅದರ ಕಣಗಳಿಗೆ ಚೂಪು ಅಂಚು, ಮೀಸೆ ಸವೆದು ಹುಣ್ಣಾಗುತ್ತದೆ. ಮರಳಿನ ಮೇಲೆ ವಿನೆಗರ್ ಹಾಕಿದಾಗ ನೊರೆ ಬಂದರೆ ಸುಣ್ಣ ಇದೆ ಅಂತ, ಅದೂ ಬೇಡ.

ಪ್ರಶ್ನೆ: ಲೋಚ್ ಮೈಮೇಲೆ ಬಿಳಿ ಚುಕ್ಕೆ ಬಂದಿವೆ. ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಬಿಚ್ಚಿ, ಹಿಡಿ ಕಲ್ಲುಪ್ಪು ಹಾಕಲು ಹೇಳಿದ್ದಾರೆ. (ರಾಯಚೂರು)

ಉತ್ತರ: ಎರಡೂ ಹಾಕಬೇಡಿ. ಬಿಳಿ ಚುಕ್ಕೆ ಪರಾವಲಂಬಿ ಜೀವಿಯಿಂದ ಬರುವುದು, ಆ್ಯಂಟಿಬಯೋಟಿಕ್ ಅದಕ್ಕೆ ತಾಗುವುದೇ ಇಲ್ಲ. ಮೇಲಾಗಿ ಗಡಸು ನೀರಿನ ಕ್ಯಾಲ್ಸಿಯಂ ಟೆಟ್ರಾಸೈಕ್ಲಿನ್ ಅನ್ನು ಕಟ್ಟಿಹಾಕುತ್ತದೆ. ಬಿಳಿ ಚುಕ್ಕೆಯದೇ ಔಷಧ ತಂದು ಅರ್ಧ ಪ್ರಮಾಣದಲ್ಲಿ ಹಾಕಿ. ಲೋಚ್‌ಗಳ ಚಿಪ್ಪು ತೀರಾ ಸಣ್ಣದು, ಪೂರ್ತಿ ಪ್ರಮಾಣ ತಡೆಯುವುದಿಲ್ಲ. ಗಾಳಿ ಜೋರಾಗಿ ಬಿಡಿ.

ಪ್ರಶ್ನೆ: ತುಂಗಾ ನದಿಯ ಪಟ್ಟೆ ಲೋಚ್ ಎಲ್ಲಿ ಸಿಗುತ್ತದೆ? (ಗಂಗಾವತಿ)

ಉತ್ತರ: ಬೋಷಿಯಾ ಸ್ಟ್ರಿಯಾಟಾ ಕೇಳುತ್ತಿದ್ದೀರಿ. ಪಶ್ಚಿಮ ಘಟ್ಟದಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ, ಅಳಿವಿನಂಚಿನ ಪಟ್ಟಿಯಲ್ಲಿದೆ. ಹೊಳೆಯಿಂದ ಹಿಡಿದು ತಂದದ್ದನ್ನು ಕೊಳ್ಳಬೇಡಿ.

ಪ್ರಶ್ನೆ: ವಾಸ್ತುವಿಗೆ ತಳದಲ್ಲಿ ಕರಿ ಮೀನು ಎಷ್ಟಿರಬೇಕು? (ಬಳ್ಳಾರಿ)

ಉತ್ತರ: ವಾಸ್ತುವಿಗೂ ಮೀನಿಗೂ ಸಂಬಂಧವಿಲ್ಲ.

ಪ್ರಶ್ನೆ: ನಮ್ಮ ಸಕ್ಕರ್ ಒಂದಡಿ ಆಗಿದೆ. ಟಿಬಿ (ತುಂಗಭದ್ರಾ) ಡ್ಯಾಂಗೆ ಬಿಡಬಹುದಾ? (ಕೊಪ್ಪಳ)

ಉತ್ತರ: ಖಂಡಿತ ಬಿಡಬೇಡಿ. ಅದು ದಕ್ಷಿಣ ಅಮೆರಿಕದ ಮೀನು. ದಂಡೆಯಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತದೆ, ಅದರ ಮುಳ್ಳಿಗೆ ಮೀನುಗಾರರ ಬಲೆ ಹರಿಯುತ್ತದೆ. ಕೆರೆ, ಕಾಲುವೆ, ಬಾವಿಗೂ ಬೇಡ. ದೊಡ್ಡ ಸಿಮೆಂಟ್ ತೊಟ್ಟಿ ಇರುವವರಿಗೆ ಕೊಡಿ, ಇಲ್ಲವೇ ಮಾರಿದ ಅಂಗಡಿಗೇ ವಾಪಸ್ ಕೊಟ್ಟು ಬನ್ನಿ.