‘ನಮ್ಮಲ್ಲಿ ಹೀಗಿರಲಿಲ್ಲ’: 26 ವರ್ಷಗಳ ನಂತರ ಹೊಸ ಕೆಲಸಕ್ಕೆ ಸೇರಿದವರೊಬ್ಬರ ಪ್ರಕರಣ

ಆಪ್ತಸಲಹೆಗೆಂದು ನನ್ನ ಬಳಿಗೆ ಬಂದ ಮೊದಲ ಭೇಟಿಯಲ್ಲಿ ಅವರು ಮಾತನಾಡಿದ ಮುಕ್ಕಾಲು ಗಂಟೆಯಲ್ಲಿ ‘ನಮ್ಮಲ್ಲಿ’ ಎಂಬ ಪದ ಮತ್ತೆ ಮತ್ತೆ ಬಂದಿತು. ‘ನಮ್ಮಲ್ಲಿ ಯಂತ್ರ ನಿಂತರೆ ಯಾರೂ ಮೊದಲು ಕಾಗದ ಹುಡುಕುತ್ತಿರಲಿಲ್ಲ’, ‘ನಮ್ಮಲ್ಲಿ ಒಂದು ಮಾತು ಹೇಳಿದರೆ ಸಾಕಿತ್ತು’ ಎಂದು ಅವರು ಹೇಳುತ್ತಿದ್ದುದು ಐದು ತಿಂಗಳ ಹಿಂದೆ ಬಿಟ್ಟುಬಂದ ಕಾರ್ಖಾನೆಯ ಬಗ್ಗೆ. ಈಗ ಸಂಬಳ ಕೊಡುತ್ತಿರುವ ಆಸ್ಪತ್ರೆಯ ಬಗ್ಗೆ ಮಾತು ಬಂದಾಗ ಅದು ‘ಅಲ್ಲಿ’ ಅಥವಾ ‘ಅವರಲ್ಲಿ’ ಎಂದಾಗುತ್ತಿತ್ತು. ಇದನ್ನು ಅವರು ಗಮನಿಸಿರಲಿಲ್ಲ. ಆ ದಿನ ನಾನೂ ಅದನ್ನು ಎತ್ತಿ ತೋರಿಸದೆ, ಟಿಪ್ಪಣಿಯಲ್ಲಿ ಬರೆದುಕೊಂಡು ಸುಮ್ಮನಾದೆ.

ಸಲಹಾರ್ಥಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಅವರಿಗೆ ವಯಸ್ಸು ಐವತ್ತು ದಾಟಿದೆ. 26 ವರ್ಷ ಒಂದೇ ಕಾರ್ಖಾನೆಯ ಯಂತ್ರ ನಿರ್ವಹಣಾ ವಿಭಾಗದಲ್ಲಿದ್ದು, ಕೊನೆಯ ಒಂಬತ್ತು ವರ್ಷ ಆ ವಿಭಾಗವನ್ನು ತಾವೇ ನಡೆಸಿದವರು. ಕಾರ್ಖಾನೆ ಮುಚ್ಚಿದ ಮೇಲೆ ದೊಡ್ಡ ಆಸ್ಪತ್ರೆಯೊಂದರ ಉಪಕರಣ ನಿರ್ವಹಣಾ ವಿಭಾಗದಲ್ಲಿ ತಂತ್ರಜ್ಞರಾಗಿ ಸೇರಿದರು. ಅವರ ಮೇಲಧಿಕಾರಿ ಅವರಿಗಿಂತ ಇಪ್ಪತ್ತು ವರ್ಷ ಕಿರಿಯರಾದ ಎಂಜಿನಿಯರ್. ಆಕೆ ಇವರನ್ನು ‘ಸರ್’ ಎಂದೂ, ಇವರು ಆಕೆಯನ್ನು ‘ಮೇಡಂ’ ಎಂದೂ ಕರೆಯುತ್ತಾರೆ. ಯಾರೂ ಅವರೊಂದಿಗೆ ಅಗೌರವದಿಂದ ನಡೆದುಕೊಂಡಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು, ಏಕೆಂದರೆ ಅವರ ನೋವು ಅಗೌರವದಿಂದ ಹುಟ್ಟಿದ್ದಲ್ಲ.

ಹೊಸ ಕೆಲಸದ ಎರಡನೆಯ ತಿಂಗಳಿನಿಂದ ಅವರಿಗೆ ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಗಿ ಮತ್ತೆ ನಿದ್ದೆ ಬರುತ್ತಿರಲಿಲ್ಲ. ರಜೆಯ ದಿನದ ಸಂಜೆ ಎದೆ ಭಾರವಾಗುತ್ತಿತ್ತು. ಮನೆಯಲ್ಲಿ ಚಿಕ್ಕ ಮಾತಿಗೂ ರೇಗುತ್ತಿದ್ದರು. ನನ್ನ ಬಳಿಗೆ ಬಂದದ್ದೂ ಪತ್ನಿಯ ಒತ್ತಾಯದಿಂದ. ಖಿನ್ನತೆಯ ತೀವ್ರತೆಯನ್ನು ಅಳೆಯಲು ಬಳಸುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ, ಒಟ್ಟು 27ಕ್ಕೆ, ಅವರ ಅಂಕ 12 ಬಂದಿತು. ಬದುಕು ಬೇಡವೆನಿಸಿದೆಯೇ ಎಂಬ ಅದರ ಒಂಬತ್ತನೆಯ ಪ್ರಶ್ನೆಯನ್ನು ನಾನು ಕಾಗದಕ್ಕೆ ಬಿಡದೆ ಬಾಯಿಬಿಟ್ಟು ಕೇಳಿದೆ. ಇಲ್ಲವೆಂದು ಸ್ಪಷ್ಟವಾಗಿ ಹೇಳಿದರು. ಎದೆಯ ಭಾರವನ್ನು ಮನಸ್ಸಿನದೆಂದು ನಾವೇ ತೀರ್ಮಾನಿಸಬಾರದಾದ್ದರಿಂದ ಮೊದಲು ವೈದ್ಯರ ತಪಾಸಣೆಗೆ ಕಳುಹಿಸಿದೆ. ಹೃದಯದಲ್ಲಿ ತೊಂದರೆ ಕಾಣಲಿಲ್ಲ. ಬದುಕಿನ ಯಾವುದೋ ಬದಲಾವಣೆಯ ಮೂರು ತಿಂಗಳೊಳಗೆ ಇಂತಹ ಲಕ್ಷಣಗಳು ಕಾಣಿಸಿಕೊಂಡರೆ ಮನೋವೈದ್ಯರು ‘ಹೊಂದಾಣಿಕೆಯ ಅಸ್ವಸ್ಥತೆ’ಯ ಸಾಧ್ಯತೆಯನ್ನು ಪರಿಶೀಲಿಸುತ್ತಾರೆ. ನಿರ್ಣಯ ನನ್ನ ಕೆಲಸವಲ್ಲ. ಅಂಕ ಏರಿದರೆ ಅಥವಾ ನಾಲ್ಕು ವಾರಗಳಲ್ಲಿ ಇಳಿಯದಿದ್ದರೆ ಮನೋವೈದ್ಯರನ್ನು ಕಾಣುವುದೆಂದು ನಾವಿಬ್ಬರೂ ಒಪ್ಪಿಕೊಂಡೆವು.

ಅವರನ್ನು ತೀವ್ರವಾಗಿ ಕದಡಿದ್ದು ಒಂದು ಸಿರಿಂಜ್ ಪಂಪ್‌ನ ಘಟನೆ. ನಿಗದಿತ ವೇಗದಲ್ಲಿ ಔಷಧವನ್ನು ರಕ್ತನಾಳಕ್ಕೆ ಹರಿಸುವ ಆ ಉಪಕರಣ ಕಾರಣವಿಲ್ಲದೆ ಎಚ್ಚರಿಕೆಯ ಸದ್ದು ಮಾಡುತ್ತಿದೆಯೆಂದು ವಾರ್ಡಿನಿಂದ ಬಂದಿತ್ತು. ಇವರು ಅದನ್ನು ಬಿಚ್ಚಿ, ದೋಷ ಹುಡುಕಿ, ಸರಿಪಡಿಸಿ, ಕಾಲು ಗಂಟೆಯೊಳಗೆ ನರ್ಸ್ ಕೈಗೆ ಮರಳಿಸಿದರು. ಎಂಜಿನಿಯರ್ ಅದನ್ನು ಕೂಡಲೇ ವಾಪಸು ತರಿಸಿ, ಬಿಚ್ಚಿದ ಪಂಪ್‌ನ ಹರಿವಿನ ನಿಖರತೆಯನ್ನೂ ವಿದ್ಯುತ್ ಸೋರಿಕೆಯನ್ನೂ ಪರೀಕ್ಷಿಸಿ, ದಾಖಲಿಸಿ, ಸಹಿ ಹಾಕದ ಹೊರತು ರೋಗಿಯ ಬಳಿಗೆ ಕಳುಹಿಸುವಂತಿಲ್ಲವೆಂದು ಇನ್ನಿಬ್ಬರ ಎದುರಿಗೆ ಹೇಳಿದರು. ರೋಗಿಗೆ ಏನೂ ಆಗಲಿಲ್ಲ. ಪರೀಕ್ಷೆಯಲ್ಲಿ ಪಂಪ್ ಸರಿಯಾಗಿಯೇ ಇತ್ತು, ಮತ್ತು ಇವರ ಮನಸ್ಸಿನಲ್ಲಿ ಉಳಿದದ್ದು ಅದೇ. ‘ನಾನು ಮಾಡಿದ್ದು ಸರಿಯೇ ಇತ್ತಲ್ಲ. ಹಾಗಾದರೆ ಇಷ್ಟು ವರ್ಷ ನಾನು ಕಲಿತದ್ದಕ್ಕೆ ಅಲ್ಲಿ ಏನು ಬೆಲೆ?’ ಎಂದು ಕೇಳಿದರು.

ಇಲ್ಲಿ ನಾನು ತಪ್ಪಿದೆ. ‘ನಿಮ್ಮ 26 ವರ್ಷದ ಅನುಭವವನ್ನು ಯಾರೂ ಕಿತ್ತುಕೊಳ್ಳಲಾರರು’ ಎಂದು ಸಮಾಧಾನ ಹೇಳಿದೆ. ಅವರು ತಲೆಯಾಡಿಸಿದರು, ಆದರೆ ಮುಖ ಮುಚ್ಚಿಕೊಂಡಂತಾಯಿತು. ಉಳಿದ ಹತ್ತು ನಿಮಿಷ ಚುಟುಕಾಗಿ ಉತ್ತರಿಸಿ ಹೊರಟರು. ದಿನವೂ ತನ್ನ ಅನುಭವವೇ ತನಗೆ ತಡೆಯಾಗುತ್ತಿರುವುದನ್ನು ಕಾಣುತ್ತಿರುವವರಿಗೆ ಅನುಭವವನ್ನು ಹೊಗಳಿದರೆ, ತನ್ನ ಮಾತು ಇವರಿಗೆ ಕೇಳಿಸಲೇ ಇಲ್ಲ ಎನಿಸುತ್ತದೆ. ಎರಡನೆಯ ಭೇಟಿಯ ಆರಂಭದಲ್ಲಿಯೇ ಅದನ್ನು ಒಪ್ಪಿಕೊಂಡು ಕ್ಷಮೆ ಕೇಳಿದೆ. ಮಾತು ತೆರೆದುಕೊಂಡದ್ದು ಅಲ್ಲಿಂದ.

ಆ ದಿನ ಅವರ ಮುಂದೆ ಒಂದು ಲೆಕ್ಕವಿಟ್ಟೆ. ಮನಶ್ಶಾಸ್ತ್ರಜ್ಞ ಏಬ್ರಹಾಂ ಲೂಚಿನ್ಸ್ 1942ರಲ್ಲಿ ಪ್ರಕಟಿಸಿದ ಪ್ರಯೋಗದ್ದು. 21, 127 ಮತ್ತು 3 ಅಳತೆಯ ಮೂರು ಪಾತ್ರೆಗಳಿವೆ. 100 ಅಳತೆ ನೀರು ಬೇಕು. ದೊಡ್ಡದನ್ನು ತುಂಬಿಸಿ, ಅದರಿಂದ ಒಮ್ಮೆ 21ನ್ನೂ ಎರಡು ಬಾರಿ 3ನ್ನೂ ತೆಗೆದರೆ 100 ಉಳಿಯುತ್ತದೆ. ಇದೇ ದಾರಿಯಲ್ಲಿ ಬಿಡಿಸಬಹುದಾದ ಇನ್ನೂ ಕೆಲವು ಲೆಕ್ಕಗಳನ್ನು ಕೊಟ್ಟು, ಕೊನೆಗೆ 23, 49, 3ರ ಪಾತ್ರೆಗಳಿಂದ 20 ಅಳೆಯಲು ಹೇಳಿದೆ. ಅವರು ಕ್ಷಣದಲ್ಲಿ 49ರಿಂದ 23, 3, 3 ಕಳೆದು ಉತ್ತರ ಕೊಟ್ಟರು. ಉತ್ತರ ಸರಿ. ಆದರೆ 23ರಿಂದ 3 ತೆಗೆದರೂ 20 ಸಿಗುತ್ತದೆ. ಅವರು ಕಾಗದವನ್ನು ಬಹಳ ಹೊತ್ತು ನೋಡಿದರು. ಇದನ್ನು ಜಾಣತನದ ಪರೀಕ್ಷೆಯಾಗಿ ನಾನು ಕೊಟ್ಟಿರಲಿಲ್ಲ. ಗೆದ್ದ ದಾರಿಯೇ ಮುಂದಿನ ದಾರಿಯನ್ನು ಮರೆಮಾಡುತ್ತದೆ, ಇದು ಹೆಡ್ಡರಿಗೆ ಮಾತ್ರ ಆಗುವುದಲ್ಲ ಎಂಬುದನ್ನು ಅಳತೆಯ ಭಾಷೆ ಬಲ್ಲ ಆ ಮನುಷ್ಯನಿಗೆ ಅಳತೆಯಲ್ಲಿಯೇ ತೋರಿಸಬೇಕಿತ್ತು.

ಅಲ್ಲಿಂದ ನಾವು ಪಂಪ್‌ನ ಘಟನೆಗೆ ಮರಳಿದೆವು. ಕಾರ್ಖಾನೆಯಲ್ಲಿ ಒಂದು ಯಂತ್ರ ನಿಂತರೆ ಅದರ ಹಿಂದಿನ, ಮುಂದಿನ ಯಂತ್ರಗಳೂ ನಿಲ್ಲುತ್ತವೆ. ಆದ್ದರಿಂದ ದುರಸ್ತಿ ಮಾಡುವವನ ಯೋಗ್ಯತೆಯನ್ನು ನಿಮಿಷಗಳಲ್ಲಿ ಅಳೆಯುತ್ತಾರೆ. ದುರಸ್ತಿ ತಪ್ಪಿದ್ದರೆ ಸಾಮಾನು ಕೆಡುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಆಸ್ಪತ್ರೆಯಲ್ಲಿ ಕೆಟ್ಟ ಪಂಪನ್ನು ತೆಗೆದು ಬದಲಿ ಪಂಪ್ ಇಡುವುದರಲ್ಲಿ ಆತುರವಿರಬೇಕೇ ಹೊರತು, ದುರಸ್ತಿಯಾದದ್ದನ್ನು ಮರಳಿಸುವುದರಲ್ಲಿ ಅಲ್ಲ. ಗಂಟೆಗೆ 5 ಮಿಲಿಲೀಟರ್ ಎಂದು ಹೊಂದಿಸಿದ ಪಂಪ್ 6 ಮಿಲಿಲೀಟರ್ ಹರಿಸಿದರೆ ರೋಗಿಗೆ ಶೇಕಡಾ 20ರಷ್ಟು ಹೆಚ್ಚು ಔಷಧ ಹೋಗುತ್ತದೆ, ಅದನ್ನು ಅಳೆಯದೆ ಯಾರಿಗೂ ತಿಳಿಯುವುದಿಲ್ಲ. ಈ ಮಾತುಗಳನ್ನು ಹೇಳಿದ್ದು ನಾನಲ್ಲ, ಅವರೇ. ನಾನು ಕೇಳಿದ್ದು ಎರಡು ಜಾಗಗಳಲ್ಲಿ ತಪ್ಪಿನ ಪರಿಣಾಮ ಎಲ್ಲಿ ಕಾಣುತ್ತದೆ ಎಂಬ ಒಂದು ಪ್ರಶ್ನೆಯನ್ನು ಮಾತ್ರ. ಹೇಳುತ್ತ ಹೇಳುತ್ತ ಅವರ ದನಿ ಗಟ್ಟಿಯಾಯಿತು. ಮೇಡಂ ತಡೆದದ್ದು ತಮ್ಮ ಕೈಗುಣವನ್ನಲ್ಲ, ತಮ್ಮ ಆತುರವನ್ನು, ಮತ್ತು ಆ ಆತುರವೇ ಇಷ್ಟು ಕಾಲ ತಮ್ಮ ಹೆಸರಾಗಿತ್ತು ಎಂದರು.

ಇಷ್ಟರಿಂದಲೇ ನಿದ್ದೆ ಮರಳಲಿಲ್ಲ. ಮೂರನೆಯ ಭೇಟಿಗೆ ಪತ್ನಿಯೂ ಬಂದರು. ಆಕೆ ಹೇಳಿದ ಒಂದು ಮಾತು ನನ್ನ ತಿಳಿವಳಿಕೆಯನ್ನು ತಿದ್ದಿತು: ‘ಅಲ್ಲಿ ಇವರಿಗೆ ಎಲ್ಲರೂ ಅಣ್ಣ ಅಂತಿದ್ರು. ಯಂತ್ರ ನಿಂತ್ರೆ, ಅಣ್ಣನ್ನ ಕರೀರಿ ಅಂತಿದ್ರು. ಈಗ ಯಾರೂ ಕರೆಯಲ್ಲ, ಮೊಬೈಲಿಗೆ ದೂರಿನ ನಂಬರ್ ಬರುತ್ತೆ.’ ನಾನು ಅದುವರೆಗೆ ಕೌಶಲದ ಸುತ್ತಲೇ ಮಾತನಾಡುತ್ತಿದ್ದೆ. ಅವರು ಕಳೆದುಕೊಂಡದ್ದು ಅವರಿಗೆ ಗೊತ್ತಿದ್ದುದನ್ನಲ್ಲ, ಅವರು ಯಾರೆಂದು ಇತರರಿಗೆ ಗೊತ್ತಿದ್ದುದನ್ನು. ಕಾರ್ಖಾನೆಯಲ್ಲಿ ಅವರು ಯಂತ್ರದ ಮುಂದೆ ಐದು ನಿಮಿಷ ಸುಮ್ಮನೆ ನಿಂತರೆ ಅಣ್ಣ ಸದ್ದು ಕೇಳುತ್ತಿದ್ದಾರೆಂದು ಉಳಿದವರೂ ಸುಮ್ಮನಾಗುತ್ತಿದ್ದರು. ಆಸ್ಪತ್ರೆಯಲ್ಲಿ ಹಾಗೆಯೇ ನಿಂತರೆ, ಏನು ಮಾಡಬೇಕೆಂದು ತೋಚದೆ ನಿಂತಿದ್ದಾರೆ ಎಂದುಕೊಳ್ಳುತ್ತಾರೆ. ಹೊಸಬರ ಮೌನಕ್ಕೆ ಅರ್ಥ ಹಚ್ಚುವವರು ಇರುವುದಿಲ್ಲ. ದೀರ್ಘ ವೃತ್ತಿಯ ನಂತರ ಜಾಗ ಬದಲಿಸಿದವರ ದುಃಖದ ದೊಡ್ಡ ಪಾಲು ಇದೇ ಎಂದು ನಾನು ಈಗ ನಂಬುತ್ತೇನೆ. ಇದನ್ನು ಅಹಂಕಾರವೆಂದು ತಳ್ಳಿಹಾಕುವುದು ಅನ್ಯಾಯ.

ಬದಲಾವಣೆ ಹೊರಗೆ ನಡೆಯುವುದು, ದಾಟುವಿಕೆ ಒಳಗೆ ನಡೆಯುವುದು, ಮತ್ತು ದಾಟುವಿಕೆ ಶುರುವಾಗುವುದು ಹಳೆಯದರ ಮುಕ್ತಾಯದಿಂದ ಎಂದು ಬದುಕಿನ ಬದಲಾವಣೆಗಳ ಬಗ್ಗೆ ಬರೆದ ಅಮೆರಿಕದ ಲೇಖಕ ವಿಲಿಯಂ ಬ್ರಿಡ್ಜಸ್ ವಿವರಿಸಿದ್ದಾರೆ. ಕಾರ್ಖಾನೆ ಮುಚ್ಚಿದ ಗಡಿಬಿಡಿಯಲ್ಲಿ ಇವರಿಗೆ ಅಂತಹ ಮುಕ್ತಾಯ ಸಿಕ್ಕಿರಲಿಲ್ಲ. ಕೊನೆಯ ದಿನ ಪಾಳಿ ಮುಗಿಸಿ, ಕಪಾಟಿನ ಬೀಗದ ಕೈ ಒಪ್ಪಿಸಿ ಬಂದಿದ್ದರು, ಅಷ್ಟೆ. ಹಾಗಾಗಿ ನಾನು ಕೊಟ್ಟ ಮೊದಲ ಸಲಹೆ ಹೊಸ ಕೆಲಸಕ್ಕೆ ಸಂಬಂಧಿಸಿದ್ದೇ ಅಲ್ಲ. ಹಳೆಯ ಸಹೋದ್ಯೋಗಿಗಳಲ್ಲಿ ಇಬ್ಬರನ್ನು ಮನೆಗೆ ಕರೆದು, ಆ ವಿಭಾಗದ ಬಗ್ಗೆ ಮನಸಾರೆ ಮಾತನಾಡಿ ಎಂದೆ. ಒಂದು ಇಡೀ ಸಂಜೆ ಮಾತನಾಡಿದರಂತೆ. ಅದರಲ್ಲಿ ಅತ್ತದ್ದೂ ಉಂಟು.

ಎರಡನೆಯದು ಒಂದು ಪುಸ್ತಕ. ಪ್ರತಿದಿನ ಕೆಲಸ ಮುಗಿದ ಮೇಲೆ, ಹಳೆಯ ಅರಿವಿನಲ್ಲಿ ಇಂದು ಇದ್ದಂತೆಯೇ ಬಳಕೆಗೆ ಬಂದದ್ದು ಯಾವುದು, ತಿದ್ದಿಕೊಂಡು ಬಳಸಬೇಕಾದದ್ದು ಯಾವುದು, ಇಲ್ಲಿ ಬದಿಗಿಡಲೇಬೇಕಾದದ್ದು ಯಾವುದು ಎಂದು ಒಂದೆರಡು ಸಾಲು ಬರೆಯುವುದು. ಮೊದಲ ವಾರ ಮೂರನೆಯ ಭಾಗವೊಂದೇ ತುಂಬಿತ್ತು. ನಾಲ್ಕನೆಯ ವಾರದಲ್ಲಿ ಎರಡನೆಯ ಭಾಗ ಉದ್ದವಾಯಿತು. ಬೇರಿಂಗ್ ಸವೆದಾಗಿನ ಸದ್ದು ಕಾರ್ಖಾನೆಯಲ್ಲಾಗಲಿ ಆಸ್ಪತ್ರೆಯ ನಿರ್ವಾತ ಪಂಪ್‌ನಲ್ಲಾಗಲಿ ಒಂದೇ, ಆದರೆ ಇಲ್ಲಿ ಅದನ್ನು ಕೇಳಿದ ತಕ್ಷಣ ಬಿಚ್ಚುವುದಲ್ಲ, ಬರೆಯುವುದು ಎಂಬಂತಹ ಸಾಲುಗಳು ಬಂದವು.

ಮೂರನೆಯ ಸಲಹೆ ಕೇಳುವ ರೀತಿಯದು. ‘ನನಗೆ ಇದು ಬರುವುದಿಲ್ಲ’ ಎನ್ನಲು ಅವರ ನಾಲಿಗೆ ಏಳುತ್ತಿರಲಿಲ್ಲ, ಅದನ್ನು ಹೇಳಿಸುವ ಅಗತ್ಯವೂ ಇರಲಿಲ್ಲ. ‘ನಾನು ಇಲ್ಲಿಯವರೆಗೆ ನೋಡಿದ್ದೇನೆ, ಇದರ ನಂತರ ಇಲ್ಲಿನ ಕ್ರಮವೇನು?’ ಎಂದು ಕೇಳುವುದನ್ನು ಭೇಟಿಯಲ್ಲಿಯೇ ಅಭ್ಯಾಸ ಮಾಡಿದೆವು. ತನಗೆ ತಿಳಿದದ್ದೂ ತಿಳಿಯಬೇಕಾದದ್ದೂ ಎರಡೂ ಆ ಮಾತಿನಲ್ಲಿರುತ್ತವೆ. ‘ನಮ್ಮಲ್ಲಿ’ ಪದದ ಸಂಗತಿಯನ್ನೂ ಆಗಲೇ ಮುಂದಿಟ್ಟೆ. ಆ ಪದವನ್ನು ಬಿಡಿ ಎನ್ನಲಿಲ್ಲ. ಬಲವಂತದಿಂದ ಬದಲಾಯಿಸಿದರೆ ಅದು ಸುಳ್ಳಾಗುತ್ತದೆ. ಕಾರ್ಖಾನೆಯ ಬಗ್ಗೆ ಹೇಳುವಾಗ ‘ಹಿಂದಿನ ಕಾರ್ಖಾನೆಯಲ್ಲಿ’ ಎಂದು ಹೇಳಿ, ‘ನಮ್ಮಲ್ಲಿ’ಯನ್ನು ಸದ್ಯಕ್ಕೆ ಯಾರಿಗೂ ಕೊಡದೆ ಖಾಲಿ ಇಡಿ ಎಂದೆ.

ನಿದ್ದೆಯ ವಿಷಯದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಕ್ರಮವನ್ನೇ ಹೇಳಿದೆ: ಎಚ್ಚರವಾಗಿ ಸುಮಾರು 20 ನಿಮಿಷದಲ್ಲಿ ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟು ಬೇರೆ ಕೋಣೆಗೆ ಹೋಗುವುದು, ಜೊಂಪು ಹತ್ತಿದ ಮೇಲೆಯೇ ಮರಳುವುದು, ಎಷ್ಟೇ ಕೆಟ್ಟ ರಾತ್ರಿಯಾದರೂ ನಿಗದಿತ ಹೊತ್ತಿಗೆ ಏಳುವುದು, ಹಗಲು ಮಲಗದಿರುವುದು. ರಾಜೀನಾಮೆಯ ಪತ್ರ ಅವರ ಕಿಸೆಯಲ್ಲಿಯೇ ಇತ್ತು. ಅದನ್ನು ಹರಿಯಲು ನಾನು ಹೇಳಲಿಲ್ಲ. ಮೂರು ತಿಂಗಳ ನಂತರದ ಒಂದು ದಿನಾಂಕವನ್ನು ಅದರ ಮೇಲೆ ಬರೆದು, ಅಲ್ಲಿಯವರೆಗೆ ಪತ್ನಿಯ ಕೈಗೆ ಕೊಡಿ ಎಂದೆ. ಪ್ರತಿದಿನವೂ ಬಿಡಬೇಕೇ ಬೇಡವೇ ಎಂದು ತೂಗುತ್ತಿರುವವರಿಗೆ ಕಲಿಯಲು ಶಕ್ತಿ ಉಳಿಯುವುದಿಲ್ಲ.

ಎಂಜಿನಿಯರ್ ಬಳಿ ಮಾತನಾಡಲು ಅವರು ಆರನೆಯ ವಾರದವರೆಗೂ ಹಿಂಜರಿದರು. ಕೊನೆಗೆ, ಪಂಪ್‌ನ ದಿನ ತಡೆದದ್ದು ಸರಿಯಾಗಿತ್ತೆಂದೂ, ಆದರೆ ಹಾಗೆ ತಿದ್ದುವುದಿದ್ದರೆ ಬದಿಗೆ ಕರೆದು ಹೇಳಬೇಕೆಂದೂ ಒಂದೇ ಉಸಿರಿನಲ್ಲಿ ಹೇಳಿದರಂತೆ. ಆಕೆ ಒಪ್ಪಿದರು. ತಾನೂ ಇವರಿಗೆ ಹೇಗೆ ಹೇಳಬೇಕೆಂದು ತಿಳಿಯದೆ ಹೆದರುತ್ತಿದ್ದೆನೆಂದು ಹೇಳಿದರು. ಇದು ಇವರ ಊಹೆಗೂ ಬಂದಿರಲಿಲ್ಲ.

ನಾಲ್ಕು ತಿಂಗಳಲ್ಲಿ ಏಳು ಭೇಟಿಗಳಾದವು. ಪಿಎಚ್‌ಕ್ಯೂ-9 ಅಂಕ ನಾಲ್ಕನೆಯ ವಾರದಲ್ಲಿ 9ಕ್ಕೆ, ಕೊನೆಯ ಭೇಟಿಯಲ್ಲಿ 5ಕ್ಕೆ ಇಳಿದಿತ್ತು. ವಾರದಲ್ಲಿ ಒಂದೆರಡು ರಾತ್ರಿ ಈಗಲೂ ಮೂರು ಗಂಟೆಗೆ ಎಚ್ಚರವಾಗುತ್ತದೆ. ದೂರು ದಾಖಲಿಸುವ ತಂತ್ರಾಂಶದಲ್ಲಿ ಈಗಲೂ ಅವರು ನಿಧಾನ. ಬೆರಳುಗಳು ಸ್ಪ್ಯಾನರ್‌ಗೆ ಒಗ್ಗಿದಷ್ಟು ಕೀಲಿಮಣೆಗೆ ಒಗ್ಗಿಲ್ಲವೆಂದು ಬೇಸರಪಡುತ್ತಾರೆ. ರಾಜೀನಾಮೆಯ ದಿನಾಂಕ ಬಂದಾಗ ಪತ್ನಿ ಪತ್ರವನ್ನು ಮುಂದಿಟ್ಟರೆ, ಇನ್ನೊಂದು ಮೂರು ತಿಂಗಳ ನಂತರದ ದಿನಾಂಕ ಬರೆದು ಮರಳಿ ಕೊಟ್ಟರಂತೆ. ಕೊನೆಯ ಭೇಟಿಯಲ್ಲಿ ಅವರು, ಹೊಸದಾಗಿ ಸೇರಿದ ಹುಡುಗನೊಬ್ಬ ಪರೀಕ್ಷೆ ಮಾಡದೆಯೇ ಪಂಪ್ ಒಂದನ್ನು ವಾರ್ಡಿಗೆ ಒಯ್ಯುತ್ತಿದ್ದುದನ್ನು ಹೇಳುತ್ತಿದ್ದರು. ‘ಅವನನ್ನು ಬದಿಗೆ ಕರೆದು, ನಮ್ಮಲ್ಲಿ ಹೀಗೆ ಕೊಡುವುದಿಲ್ಲಪ್ಪ ಅಂದೆ’ ಎಂದು ಹೇಳಿ, ಮುಂದಿನ ಮಾತಿಗೆ ಹೋದರು.